ಸೋಲುವ ಪಾತ್ರ ಗುರುವಿನದು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಜಪಾನಿನ ಕತೋರಿ ಶಿಂತೋ ರ್ಯೂ ಎಂಬ ಹಳೆಯ ಕತ್ತಿವರಸೆ ಪರಂಪರೆಯ ಚಿತ್ರಕ್ಕೆ ‘ಕೆಂಡೊ ಅಭ್ಯಾಸ’ (ಕೆಂಡೊ ಎಂದರೆ ಬಿದಿರುಕತ್ತಿ ಹಿಡಿದು ಪಂದ್ಯವಾಡುವ ವಿದ್ಯೆ) ಎಂದು ಅಡಿಬರಹ ಕೊಟ್ಟದ್ದು ತಪ್ಪೆಂದು ತಿಳಿಸಿದ್ದೀರಿ. ತಪ್ಪು ನಮ್ಮದೇ, ಕ್ಷಮೆಯಿರಲಿ. ಜೊತೆಗೆ, ಪಂದ್ಯವನ್ನೇ ಆಡದೆ, ಮೊದಲೇ ಗೊತ್ತುಮಾಡಿದ ವರಸೆಗಳನ್ನು ಇಬ್ಬರು ಎದುರುಬದುರು ನಿಂತು ಒಪ್ಪಿಸುವುದು ಯುದ್ಧವಿದ್ಯೆ ಹೇಗಾದೀತು, ಅದು ನೃತ್ಯವಲ್ಲವೇ ಎಂದೂ ಕೇಳಿದ್ದೀರಿ. ಇದಕ್ಕೆ ತುಸು ವಿವರವಾಗಿಯೇ ಉತ್ತರಿಸಬೇಕು.

ಕೆಂಡೊದ ಬಿದಿರುಕತ್ತಿ ಮತ್ತು ರಕ್ಷಾಕವಚಗಳು ರೂಢಿಗೆ ಬಂದದ್ದು 18ನೆಯ ಶತಮಾನದಲ್ಲಿ. ಕತೋರಿ ಪರಂಪರೆ ಅದಕ್ಕಿಂತ ಬಹಳ ಹಳೆಯದು. 15ನೆಯ ಶತಮಾನದ ಈಜಾಸ ಇಯೆನಾವೊ, ಈಗಿನ ಚೀಬಾ ಪ್ರಾಂತದ ಕತೋರಿ ದೇಗುಲದಲ್ಲಿ ಸಾವಿರ ದಿನ ವ್ರತ ಹಿಡಿದು ಈ ವಿದ್ಯೆಯನ್ನು ಪಡೆದನೆಂಬುದು ಅವರ ಐತಿಹ್ಯ. ಇಲ್ಲಿ ಅಭ್ಯಾಸ ನಡೆಯುವುದು ಗಟ್ಟಿ ಮರದ ಕತ್ತಿಯಿಂದ, ಮೈಮೇಲೆ ಯಾವ ರಕ್ಷೆಯೂ ಇಲ್ಲದೆ. ಅಂಥ ಕತ್ತಿಯ ಒಂದು ಏಟಿಗೆ ಮಣಿಕಟ್ಟು ಮುರಿದೀತು. ಪಂದ್ಯ ಇಟ್ಟರೆ ಕಲಿಯಲು ಯಾರೂ ಉಳಿಯುವುದಿಲ್ಲ.

ನೋಡುವವರಿಗೆ ಮರಕ್ಕೆ ಮರ ಠಕ್ಕೆಂದು ತಾಗಿದ್ದಷ್ಟೇ ಕಾಣುತ್ತದೆ. ಆದರೆ ಹಲವು ವರಸೆಗಳಲ್ಲಿ ಆ ಏಟು ನಿಜವಾಗಿ ಬೀಳಬೇಕಾದದ್ದು ಕತ್ತಿಯ ಮೇಲಲ್ಲ, ಎದುರಾಳಿಯ ಮೈಮೇಲೆ. ಅದನ್ನು ತಾಳಿಕೊಳ್ಳಲೆಂದೇ ಎದುರಿನವರು ಕತ್ತಿಯನ್ನು ಅಲ್ಲಿ ಅಡ್ಡ ಹಿಡಿದಿರುತ್ತಾರೆ. ಕವಚ ತೊಟ್ಟ ಯೋಧನನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ವರಸೆಗಳಾದ್ದರಿಂದ ಗುರಿಯೆಲ್ಲ ಕವಚ ಮುಚ್ಚಲಾರದ ಸಂದುಗಳ ಮೇಲೆ: ಮಣಿಕಟ್ಟಿನ ಒಳಮೈ, ಕಂಕುಳು, ಕುತ್ತಿಗೆಯ ಪಕ್ಕ. ಈ ನಿಜವಾದ ಗುರಿ ಹೊರಗಿನವರ ಕಣ್ಣಿಗೆ ಬೀಳಬಾರದೆಂಬುದೂ ಆ ರಚನೆಯ ಉದ್ದೇಶವೇ ಆಗಿತ್ತು.

ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಇಬ್ಬರಲ್ಲಿ ದಾಳಿ ಮಾಡಿ ಕೊನೆಗೆ ಸೋಲುವ ಪಾತ್ರ ಹಿರಿಯರದು. ದಾಳಿಯ ವೇಗವನ್ನೂ ಅಂತರವನ್ನೂ ನಿರ್ಧರಿಸುವವರು ಅವರೇ ಆದ್ದರಿಂದ, ಶಿಷ್ಯನ ಶಕ್ತಿ ಎಷ್ಟಿದೆಯೋ ಅದಕ್ಕಿಂತ ಒಂದು ಕೂದಲಷ್ಟು ಹೆಚ್ಚು ಒತ್ತಡ ಹಾಕುತ್ತ ಅವನನ್ನು ಮೇಲೆತ್ತುವುದು ಅವರಿಗೆ ಸಾಧ್ಯ. ಹಾಗೆಯೇ ಅವನು ಎಡವಿದರೆ ಏಟು ತಿನ್ನುವವರೂ ಅವರೇ. ಗೆಲ್ಲಲೇಬೇಕೆಂದು ನಿಂತ ಪಂದ್ಯದ ಎದುರಾಳಿಯಿಂದ ಈ ಪಾಠ ಸಿಗದು.

ಪಂದ್ಯ ಇಲ್ಲದಿರುವುದು ಕೊರತೆಯಲ್ಲ, ಕಟ್ಟಳೆ. ಸೇರುವವನು ಬೆರಳು ಚುಚ್ಚಿ ರಕ್ತದ ಗುರುತು ಒತ್ತಿ, ವಿದ್ಯೆಯನ್ನು ಹೆತ್ತವರಿಗೂ ತೋರಿಸೆನು, ಅನುಮತಿ ಪತ್ರ ಸಿಗುವವರೆಗೆ ಬೇರೆಯವರೊಡನೆ ಸೆಣಸೆನು ಎಂದು ದೇವರ ಮುಂದೆ ಪ್ರತಿಜ್ಞೆ ಮಾಡುತ್ತಿದ್ದ. 1960ರಲ್ಲಿ ಚೀಬಾ ಪ್ರಾಂತ ಈ ಪರಂಪರೆಯನ್ನು ಅಮೂರ್ತ ಸಾಂಸ್ಕೃತಿಕ ಆಸ್ತಿಯೆಂದು ಗುರುತಿಸಿತು.

ತಿದ್ದಿದ ಅಡಿಬರಹ ಈ ಸಂಚಿಕೆಯಲ್ಲಿದೆ. ಚಿತ್ರದಲ್ಲಿ ಹಿಂದೆ ಸರಿಯುತ್ತಿರುವ ಹಿರಿಯರೇ ಗುರುಗಳು ಎಂಬುದನ್ನೂ ಅದರಲ್ಲಿ ಸೇರಿಸಿದ್ದೇವೆ.

— ಸಂ.