ಗುರುವಾರ ಬರುತ್ತೇನೆ ಎಂದರೆ ಗುರುವಾರ ಹೋಗಬೇಕು

ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಎಂ.ಎಸ್ಸಿ. ಓದಲು ಬರುತ್ತಿದ್ದೇನೆ, ಬಿಡುವಿನಲ್ಲಿ ಶಾಲಾ ಮಕ್ಕಳಿಗೆ ಉಚಿತವಾಗಿ ಪಾಠ ಹೇಳಿಕೊಡುವ ಆಸೆಯಿದೆ, ವೀಸಾಕ್ಕೆ ತೊಂದರೆಯಾಗುತ್ತದೆಯೇ, ನನ್ನ ಇಂಗ್ಲಿಷ್ ಅಲ್ಲಿನ ಮಕ್ಕಳಿಗೆ ಅರ್ಥವಾಗುತ್ತದೆಯೇ ಎಂದು ಕೇಳಿದ್ದೀಯ. ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ನೀನು ಎಂದೇ ಬರೆಯುತ್ತೇನೆ. ನಾನು ಹಾಸನದಿಂದ ಇಲ್ಲಿಗೆ ಓದಲು ಬಂದು ಹನ್ನೆರಡು ವರ್ಷವಾಯಿತು. ಮೊದಲ ವರ್ಷವೇ ಈ ಕೆಲಸಕ್ಕೆ ಸೇರಿದೆ, ಇನ್ನೂ ಬಿಟ್ಟಿಲ್ಲ. ನೀನೂ ಖಂಡಿತ ಸೇರು.

ವೀಸಾ ವಿಷಯದಲ್ಲಿ ಮಾತ್ರ ಕಣ್ಣು ತೆರೆದಿರಬೇಕು. ಪದವಿ ಮತ್ತು ಅದಕ್ಕಿಂತ ಮೇಲಿನ ಓದಿಗೆ ಬಂದವರು ತರಗತಿಗಳು ನಡೆಯುವ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಸಂಬಳವಿಲ್ಲದ ಕೆಲಸವೆಲ್ಲ ಈ ಲೆಕ್ಕದಿಂದ ಹೊರಗೆ ಎಂದು ತಿಳಿಯಬೇಡ. ಕರಾರು ಮಾಡಿಸಿಕೊಂಡು, ಇಂತಿಷ್ಟು ಗಂಟೆ ಮಾಡಲೇಬೇಕು ಎಂದು ಕಟ್ಟಿಹಾಕಿದರೆ ಅದು ‘ವಾಲಂಟರಿ ವರ್ಕ್’, 20 ಗಂಟೆಯೊಳಗೇ ಬರುತ್ತದೆ. ಕರಾರಿಲ್ಲದೆ, ದತ್ತಿ ಸಂಸ್ಥೆಗೋ ಸರ್ಕಾರಿ ಸಂಸ್ಥೆಗೋ ಬಸ್ ಖರ್ಚಿನಷ್ಟನ್ನೇ ಪಡೆದು ನೆರವಾದರೆ ಅದು ‘ವಾಲಂಟೀರಿಂಗ್’, ಲೆಕ್ಕಕ್ಕೆ ಸೇರುವುದಿಲ್ಲ. ಸೇರುವ ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಇಮೇಲ್ ಬರೆದು ಕೇಳು, ಉತ್ತರವನ್ನು ಇಟ್ಟುಕೋ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನೀನು ಪಾಠ ಹೇಳುತ್ತೀಯ ಎಂದು ಗೊತ್ತಾದರೆ ನಮ್ಮವರೇ ಯಾರಾದರೂ, ನಮ್ಮ ಮಗನಿಗೂ ಗಣಿತ ಹೇಳಿಕೊಡಮ್ಮ, ಗಂಟೆಗಿಷ್ಟು ಎಂದು ಕೊಡುತ್ತೇವೆ ಎಂದು ಬರುತ್ತಾರೆ. ಒಪ್ಪಬೇಡ. ಹಾಗೆ ಹಣ ಪಡೆದು ಮನೆಪಾಠ ಹೇಳುವುದು ಸ್ವಂತ ಉದ್ಯೋಗವಾಗುತ್ತದೆ. ವಿದ್ಯಾರ್ಥಿ ವೀಸಾದಲ್ಲಿ ಅದಕ್ಕೆ ಅನುಮತಿಯಿಲ್ಲ. ಅವರು ಪ್ರೀತಿಯಿಂದಲೇ ಕರೆದಿರುತ್ತಾರೆ, ಆದರೆ ಪೆಟ್ಟು ಬೀಳುವುದು ನಿನ್ನ ಓದಿಗೆ.

ಭಾಷೆಯ ಬಗ್ಗೆ ನಿನಗಿರುವ ಹೆದರಿಕೆ ನನಗೂ ಇತ್ತು. ಮೊದಲ ದಿನ ಹತ್ತು ವರ್ಷದ ಹುಡುಗನೊಬ್ಬನ ಮುಂದೆ 432ನ್ನು 3ರಿಂದ ಭಾಗಿಸುವ ಲೆಕ್ಕವಿತ್ತು. “ಬಸ್ ಸ್ಟಾಪ್ ಮಾಡಲೇ ಮಿಸ್?” ಎಂದ. ಮನೆಗೆ ಹೊರಡುವ ಮಾತೆಂದು ನಾನು ಗಡಿಯಾರ ನೋಡಿದೆ. ಅವನು ಪೆನ್ಸಿಲ್ ತೆಗೆದು, 432ರ ಮೇಲೆ ಚಾವಣಿಯಂತೆ ಒಂದು ಗೆರೆ, ಎಡಕ್ಕೆ ಗೋಡೆಯಂತೆ ಒಂದು ಗೆರೆ ಎಳೆದು, ಗೋಡೆಯ ಹೊರಗೆ 3 ಬರೆದ. ನಿಜಕ್ಕೂ ಬಸ್ ತಂಗುದಾಣದ ಹಾಗೆಯೇ ಕಾಣುತ್ತಿತ್ತು. ನಾನು ಕಲಿತದ್ದು ಭಾಗಲಬ್ಧವನ್ನು ಬಲಗಡೆ ಬರೆದು, ಕೆಳಗೆ ಕಳೆಯುತ್ತ ಇಳಿಯುವ ಕ್ರಮ. ಅವನದು ಚಾವಣಿಯ ಮೇಲೆ. 4ರಲ್ಲಿ 3 ಒಂದು ಸಲ. ಉಳಿದ 1ನ್ನು ಮುಂದಿನ 3ರ ಪಕ್ಕದಲ್ಲಿ ಪುಟ್ಟದಾಗಿ ಬರೆದು 13 ಮಾಡಿಕೊಂಡ. ಅಲ್ಲಿ ನಿಂತುಬಿಟ್ಟ. ಮೂರರ ಮಗ್ಗಿ ಗಟ್ಟಿಯಿರಲಿಲ್ಲ. ಇಬ್ಬರೂ ಬೆರಳು ಮಡಿಸುತ್ತ ಮೂರು, ಆರು, ಒಂಬತ್ತು, ಹನ್ನೆರಡು ಎಂದು ಎಣಿಸಿದೆವು. 144 ಬಂದಾಗ ತನ್ನ ಉತ್ತರದ ಸುತ್ತ ಎರಡು ಸಲ ಗೆರೆ ಎಳೆದ.

ಅಂದಿನಿಂದ ಯಾವ ಮಗು ಎದುರು ಕುಳಿತರೂ ನನ್ನ ಮೊದಲ ಪ್ರಶ್ನೆ, ನಿನ್ನ ಶಾಲೆಯಲ್ಲಿ ಇದನ್ನು ಹೇಗೆ ಮಾಡುತ್ತೀರಿ, ತೋರಿಸು ಎಂಬುದೇ. ನಮ್ಮ ವಿಧಾನವೇ ಸುಲಭ ಎಂದು ಹೇರಿದರೆ ಮಗು ಎರಡರ ನಡುವೆ ಸಿಕ್ಕಿಬೀಳುತ್ತದೆ. ಸೊನ್ನೆಗೆ ‘ನಾಟ್’ ಎನ್ನುವುದೆಲ್ಲ ಒಂದು ತಿಂಗಳಲ್ಲಿ ಕಿವಿಗೆ ಒಗ್ಗುತ್ತದೆ. ನಿಧಾನವಾಗಿ ಮಾತಾಡಿದರೆ ನಿನ್ನ ಇಂಗ್ಲಿಷ್ ಅವರಿಗೂ ಒಗ್ಗುತ್ತದೆ. ಪಾಠಕ್ಕೆ ಬರುವ ಎಷ್ಟೋ ಮಕ್ಕಳ ಮನೆಮಾತೂ ಇಂಗ್ಲಿಷ್ ಅಲ್ಲ.

ನಾನು ಮಾಡಿದ ತಪ್ಪನ್ನು ನೀನು ಮಾಡಬಾರದೆಂದು ಇದನ್ನು ಹೇಳುತ್ತೇನೆ. ಜನವರಿಯ ಪರೀಕ್ಷೆ ಬಂದಾಗ ಒಂದು ಮಾತೂ ತಿಳಿಸದೆ ಎರಡು ವಾರ ಹೋಗಲಿಲ್ಲ. ಮೂರನೆಯ ವಾರ ಹೋದರೆ ಆ ಹುಡುಗ ಕೋಟು ಬಿಚ್ಚದೆ ಬೇರೆ ಮೇಜಿಗೆ ಹೋಗಿ ಕುಳಿತ. ಎರಡೂ ವಾರ ಬಾಗಿಲ ಕಡೆ ನೋಡುತ್ತ ಕಾದಿದ್ದನಂತೆ. ಅವನು ಮತ್ತೆ ನನ್ನ ಪಕ್ಕಕ್ಕೆ ಬರಲು ಮಾರ್ಚ್ ಆಯಿತು. ಆದ್ದರಿಂದ ವಾರಕ್ಕೆ ಒಂದೇ ಗಂಟೆ ಒಪ್ಪಿಕೋ. ಜನವರಿ, ಮೇ ತಿಂಗಳ ಪರೀಕ್ಷೆಗಳಿಗೆ ಯಾವ ವಾರ ಬರುವುದಿಲ್ಲ ಎಂಬುದನ್ನು ಮೊದಲೇ ಆ ಮಗುವಿಗೇ ಹೇಳು. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಕೋಣೆ ಬಿಟ್ಟು ಹೊರಡಲು ಮನಸ್ಸೇ ಬರುವುದಿಲ್ಲ. ಆಗಲೂ ಹೋಗು.

ಮಕ್ಕಳೊಂದಿಗಿನ ಕೆಲಸವಾದ್ದರಿಂದ ಡಿ.ಬಿ.ಎಸ್. ಎಂಬ ಹಿನ್ನೆಲೆ ಪರಿಶೀಲನೆ ಮಾಡಿಸುತ್ತಾರೆ. ಸ್ವಯಂಸೇವಕರಿಗೆ ಅದರ ಸರ್ಕಾರಿ ಶುಲ್ಕವಿಲ್ಲ. ಈಚೆಗೆ ಬಂದವರಿಂದ ಕೆಲವು ಸಂಸ್ಥೆಗಳು ಭಾರತದ ಪೊಲೀಸ್ ಪ್ರಮಾಣಪತ್ರವನ್ನೂ ಕೇಳುತ್ತವೆ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಊರಲ್ಲಿರುವಾಗಲೇ ಮಾಡಿಸಿಕೊಂಡು ಬಾ. ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಕೂರಬಾರದು, ಮೊಬೈಲ್ ಸಂಖ್ಯೆ ಕೊಡಬಾರದು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಲೂಬಾರದು. ಮಗು ಮನೆಯ ಕಷ್ಟವನ್ನೇನಾದರೂ ಹೇಳಿಕೊಂಡರೆ ಅಲ್ಲಿ ಮಕ್ಕಳ ಸುರಕ್ಷತೆಗೆಂದು ನೇಮಿಸಿರುವವರಿಗೆ ಅಂದೇ ತಿಳಿಸಬೇಕು.

ನಾನು ಹೋಗುವುದು ಗುರುವಾರ ಸಂಜೆ ನಾಲ್ಕಕ್ಕೆ, ಗ್ರಂಥಾಲಯವೊಂದರಲ್ಲಿ ಮಕ್ಕಳಿಗೆ ಹೋಂವರ್ಕ್ ಮಾಡಿಸುವ ಗುಂಪಿಗೆ. ಬಂದು ನೆಲೆಯಾದ ಮೇಲೆ ತಿಳಿಸು. ನಡೆಸುವವರ ಒಪ್ಪಿಗೆ ಕೇಳಿಡುತ್ತೇನೆ, ಮೊದಲ ದಿನ ನನ್ನ ಜೊತೆ ಬಂದು ಸುಮ್ಮನೆ ಕುಳಿತು ನೋಡು.