ಬಿಎಸ್ಸಿ ನರ್ಸಿಂಗ್‌ಗೆ ಕಾಲೇಜು ಆರಿಸುವಾಗ ಏನು ನೋಡಬೇಕು?

ತಂಗಿ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ, ಬೆಂಗಳೂರಿನ ಮೂರು ಖಾಸಗಿ ನರ್ಸಿಂಗ್ ಕಾಲೇಜು ನೋಡಿದ್ದೇವೆ, ಯಾವುದಕ್ಕೆ ಸೇರಿಸೋದು ಎಂದು ಕೇಳಿದ್ದೀರಿ. ನಾನು ಇಲ್ಲೇ ಬಿಎಸ್ಸಿ ನರ್ಸಿಂಗ್ ಓದಿ ಈಗ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರುವವರನ್ನು ನೋಡುತ್ತಲೇ ಇರುತ್ತೇನೆ. ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಲು ಹೆದರುವ ಹುಡುಗಿಯರು ದಡ್ಡರಲ್ಲ. ಓದುವಾಗ ಅವರ ಕೈಗೆ ರೋಗಿಗಳೇ ಸಿಕ್ಕಿರುವುದಿಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆಲ್ಲ ಒಂದೇ ಸಿಲಬಸ್, ಒಂದೇ ಪರೀಕ್ಷೆ. ನಾಲ್ಕು ವರ್ಷ, 8 ಸೆಮಿಸ್ಟರ್. ವ್ಯತ್ಯಾಸ ಇರುವುದು ವಾರ್ಡ್‌ನಲ್ಲಿ. ಹಾಗಾಗಿ ಮೊದಲು ಕೇಳಬೇಕಾದ್ದು, ಪೋಸ್ಟಿಂಗ್, ಅಂದರೆ ಆಸ್ಪತ್ರೆಯಲ್ಲಿ ಮಾಡುವ ತರಬೇತಿ, ಎಲ್ಲಿ ಹಾಕುತ್ತಾರೆ ಅಂತ. ಹೊಸ ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಅನ್ನುತ್ತದೆ ಭಾರತೀಯ ನರ್ಸಿಂಗ್ ಕೌನ್ಸಿಲ್. ಹಾಸಿಗೆ ಇದ್ದರೆ ಸಾಲದು, ಅದರಲ್ಲಿ ರೋಗಿಗಳೂ ಇರಬೇಕಲ್ವಾ? ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಆ ಆಸ್ಪತ್ರೆಯ ಓಪಿಡಿಯಲ್ಲಿ (ಹೊರರೋಗಿ ವಿಭಾಗ) ಸುಮ್ನೆ ಅರ್ಧ ಗಂಟೆ ಕೂತು ಬನ್ನಿ. ಖಾಲಿ ಹೊಡೆಯುತ್ತಿದ್ದರೆ ತಂಗಿಗೆ ಅಲ್ಲಿ ಕಲಿಯಲು ಏನೂ ಸಿಗುವುದಿಲ್ಲ.

ಆಮೇಲೆ ಕೊನೇ ವರ್ಷದ ವಿದ್ಯಾರ್ಥಿಗಳನ್ನು ಗೇಟಿನ ಹೊರಗೆ ಮಾತಾಡಿಸಿ. ಲೇಬರ್ ರೂಮ್ ಪೋಸ್ಟಿಂಗ್ ಎಲ್ಲಿ? ಒಂದು ಹೆರಿಗೆ ನೋಡಲು ಎಷ್ಟು ಜನ ಸುತ್ತ ನಿಲ್ಲುತ್ತೀರಿ? ಪಾಠ ಮಾಡುವ ಮೇಡಂ ವಾರ್ಡ್‌ಗೆ ಜೊತೆಗೆ ಬರುತ್ತಾರಾ, ಅಥವಾ ಹಾಜರಿ ಹಾಕಿ ಹೋಗುತ್ತಾರಾ? ಲಾಗ್ ಬುಕ್‌ನಲ್ಲಿ ಬರೆದ ಕೇಸ್‌ಗಳನ್ನು ನಿಜವಾಗಿ ಮಾಡಿದ್ದೀರಾ? ಆಫೀಸಿನಲ್ಲಿ ಕೊಡುವ ಬಣ್ಣದ ಬ್ರೋಷರ್‌ಗಿಂತ ಈ ಹುಡುಗಿಯರ ಮಾತನ್ನು ನಾನು ಜಾಸ್ತಿ ನಂಬುತ್ತೇನೆ. ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ಎಲ್ಲಿಗೆ ಕಳಿಸುತ್ತಾರೆ ಅಂತಲೂ ಕೇಳಿ. ನಿಮ್ಹಾನ್ಸ್‌ನಂಥ ಜಾಗ ಆದರೆ ತುಂಬಾ ಒಳ್ಳೇದು.

ಫೀಸ್ ವಿಷಯದಲ್ಲಿ ಮೊದಲ ವರ್ಷದ್ದಷ್ಟೇ ನೋಡಬೇಡಿ. ಹಾಸ್ಟೆಲ್, ಬಸ್, ಯೂನಿಫಾರ್ಮ್, ಪರೀಕ್ಷೆ ಶುಲ್ಕ ಎಲ್ಲ ಸೇರಿಸಿ ನಾಲ್ಕು ವರ್ಷದ ಲೆಕ್ಕವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಒರಿಜಿನಲ್ ಅಂಕಪಟ್ಟಿ ಪರಿಶೀಲಿಸಿದ ಮೇಲೆ ವಾಪಸ್ ಕೊಡುತ್ತಾರಾ ಎಂದೂ ಕೇಳಿ. ಏಜೆಂಟರಿಗೆ ದಯವಿಟ್ಟು ದುಡ್ಡು ಕೊಡಬೇಡಿ. ಅವರಿಗೆ ಕಮಿಷನ್ ಎಲ್ಲಿ ಜಾಸ್ತಿಯೋ ಅದೇ ಒಳ್ಳೇ ಕಾಲೇಜು.

ಬಿಎಸ್ಸಿ ಸಿಗದಿದ್ದರೆ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಇದೆ, ಮೂರು ವರ್ಷ. ಅದೂ ಗೌರವದ ಓದೇ. ಆದರೆ ಏಮ್ಸ್ ಆಸ್ಪತ್ರೆಗಳ ನರ್ಸ್ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆ ಬರೆಯಲು ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಬಿಎಸ್ಸಿ ಆದವರು ನೇರವಾಗಿ ಬರೆಯಬಹುದು. ಮುಂದೆ ಎಂಎಸ್ಸಿ ಮಾಡುವ ಆಸೆ ಇದ್ದರೂ ಬಿಎಸ್ಸಿಯೇ ಹತ್ತಿರದ ದಾರಿ.

ಇನ್ನೊಂದು ಮಾತು. ನೀವು ಖಾಸಗಿ ಕಾಲೇಜುಗಳನ್ನು ಮಾತ್ರ ನೋಡಿದ್ದೀರಿ. ತಂಗಿ ಸಿಇಟಿಗೆ ಅರ್ಜಿ ಹಾಕಿದ್ದರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಸರ್ಕಾರಿ ಸೀಟಿಗೂ ಪ್ರಯತ್ನಿಸಿ. ಬೆಂಗಳೂರೇ ಆಗಬೇಕೆಂದಿಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೊಂದಿಕೊಂಡ ಕಾಲೇಜಿನ ಕಟ್ಟಡ ಹಳೇದಿರಬಹುದು, ಹಾಸ್ಟೆಲ್ ಸಾಧಾರಣ ಇರಬಹುದು. ವಾರ್ಡ್ ಮಾತ್ರ ಯಾವತ್ತೂ ತುಂಬಿರುತ್ತದೆ, ಫೀಸೂ ಕಡಿಮೆ. ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವ ಪಟ್ಟಿ) ಅವುಗಳನ್ನೇ ಮೇಲೆ ಹಾಕಿ, ಈ ಮೂರರಲ್ಲಿ ಪೋಸ್ಟಿಂಗ್ ಚೆನ್ನಾಗಿರುವುದನ್ನು ಕೆಳಗೆ ಇಡಿ.