ಪುಣೆಗೆ ರಿವಾಲ್ವರ್ ತರುವ ಮುಂಚೆ

ತಮ್ಮಾ, ವಿಜಯಪುರದ ಪರವಾನಗಿ ಕೈಯಲ್ಲಿದೆ, ಅದರಲ್ಲಿ ಮನೆಯ ಜೋಡುನಳಿಗೆ ಕೋವಿ ಈಗಾಗಲೇ ದಾಖಲಾಗಿದೆ, ಮುಂದಿನ ತಿಂಗಳು ಪುಣೆ ಪಕ್ಕದ ಹಿಂಜವಡಿಗೆ ಕೆಲಸಕ್ಕೆ ಬರುತ್ತಿದ್ದೀಯ. ಸೊಂಟದಲ್ಲಿ ಕಾಣದ ಹಾಗೆ ಇಡಬಹುದಾದ, ಹಳೇ ಕಾಲದ ಚಂದವಿರುವ ಸಣ್ಣ ರಿವಾಲ್ವರ್ ಯಾವುದು, ಊರಲ್ಲೇ ಕೊಂಡು ತರಲೋ ಇಲ್ಲಿ ಕೊಳ್ಳಲೋ ಎಂದು ಕೇಳಿದ್ದೀಯ. ಬಾಡಿಗೆ ಮನೆ, ಮರಾಠಿ, ಟ್ರಾಫಿಕ್ಕು ಇವೆಲ್ಲ ಬಂದ ಮೇಲೆ ತಾವಾಗಿ ರೂಢಿಯಾಗುತ್ತವೆ. ಆಯುಧದ ವಿಷಯದಲ್ಲಿ ಹಾಗೆ ಬಂದು ಕಲಿಯಲು ಆಗುವುದಿಲ್ಲ, ಅದಕ್ಕೆ ಇದೊಂದನ್ನೇ ಬಿಡಿಸಿ ಬರೆಯುತ್ತೇನೆ.

ಮೊದಲು ಪರವಾನಗಿ ಪುಸ್ತಕ ತೆಗೆದು ಎರಡು ಜಾಗ ನೋಡು. ಯುಐಎನ್, ಅಂದರೆ ಪರವಾನಗಿದಾರರ ಗುರುತಿನ ನಂಬರ್ ಇದೆಯೇ, ಮತ್ತು ಏರಿಯಾ ವ್ಯಾಲಿಡಿಟಿ ಎಂಬಲ್ಲಿ ಏನು ಬರೆದಿದೆ. ಅಲ್ಲಿ ಕರ್ನಾಟಕ ಎಂದಷ್ಟೇ ಇದ್ದರೆ, ಧೂಳಖೇಡದಲ್ಲಿ ಭೀಮಾ ಸೇತುವೆ ದಾಟಿದ ಕೂಡಲೇ ನಿನ್ನ ಬಳಿ ಇರುವುದು ಪರವಾನಗಿ ಇಲ್ಲದ ಆಯುಧ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದ ಆಯುಧಕ್ಕೆ 2ರಿಂದ 5 ವರ್ಷ ಶಿಕ್ಷೆ ಆಗಬಹುದು. "ಗೊತ್ತಿರಲಿಲ್ಲ ಸಾಹೇಬ್ರೆ" ಎಂದರೆ ಯಾರೂ ಬಿಡುವುದಿಲ್ಲ. ಊರು ಬಿಡುವ ಮುಂಚೆಯೇ ಡಿಸಿ ಕಚೇರಿಯಲ್ಲಿ ವ್ಯಾಪ್ತಿ ವಿಸ್ತರಿಸಲು ಅರ್ಜಿ ಹಾಕು. ಅದು ಆಗುವ ತನಕ ಏನನ್ನೂ ಕೊಳ್ಳಬೇಡ.

ಊರಲ್ಲಿ ಬಿಟ್ಟು ಬರುವ ಕೋವಿಯ ಬಗ್ಗೆ ನೀನು ಕೇಳಿಲ್ಲ, ಆದರೆ ಹೇಳಲೇಬೇಕು. ಅಪ್ಪನ ಹೆಸರು ಪರವಾನಗಿಯಲ್ಲಿ ರಿಟೇನರ್, ಅಂದರೆ ನಿನ್ನ ಪರವಾಗಿ ಆಯುಧ ಇಟ್ಟುಕೊಳ್ಳುವವರು, ಎಂದು ಸೇರದೆ, ಅವರಿಗೆ ಸ್ವಂತ ಪರವಾನಗಿಯೂ ಇಲ್ಲದೆ ಇದ್ದರೆ, ನೀನು ಇಲ್ಲಿರುವಾಗ ಆ ಕೋವಿ ಅವರ ಸುಪರ್ದಿಯಲ್ಲಿರುವುದು ತಪ್ಪು. ಹೆಸರು ಸೇರಿಸು, ಇಲ್ಲವೇ ಪರವಾನಗಿ ಇರುವ ಬಂದೂಕಿನ ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ತಗೋ. ಒಬ್ಬರಿಗೆ ಎರಡೇ ಆಯುಧ ಎಂಬ ಮಿತಿಯೂ 2019ರದ್ದೇ, ಹಿರಿಯರಿಂದ ಬಂದದ್ದೂ ಆ ಲೆಕ್ಕದಲ್ಲೇ ಸೇರುತ್ತದೆ. ನಿನಗೆ ಉಳಿದಿರುವುದು ಒಂದೇ ಜಾಗ. ಅದನ್ನು ಗೋಡೆಗೆ ತೂಗುಹಾಕಿ ನೋಡುವ ವಸ್ತುವಿಗೆ ಕೊಟ್ಟರೆ ಸೊಂಟಕ್ಕೆ ಏನೂ ಉಳಿಯುವುದಿಲ್ಲ.

ಇಲ್ಲಿಗೆ ಬಂದ ಮೇಲೆ 30 ದಿನದೊಳಗೆ ವಿಳಾಸ ಬದಲಾವಣೆಯನ್ನು ವಿಜಯಪುರಕ್ಕೂ ಇಲ್ಲಿನ ಪರವಾನಗಿ ಅಧಿಕಾರಿಗೂ ತಿಳಿಸಬೇಕು. ಹೊಸಬರು ಎಡವುವುದು ಇಲ್ಲೇ. ಕಂಪನಿಯ ವಿಳಾಸದಲ್ಲಿ ಪುಣೆ ಎಂದಿರುತ್ತದೆ, ಅದನ್ನು ನಂಬಿ ಪುಣೆ ಪೊಲೀಸ್ ಆಯುಕ್ತರ ಕಚೇರಿಗೆ ಓಡುತ್ತಾರೆ. ಹಿಂಜವಡಿ, ವಾಕಡ್ ಕಡೆಯೆಲ್ಲ 2018ರಿಂದ ಪಿಂಪ್ರಿ-ಚಿಂಚವಡ ಆಯುಕ್ತಾಲಯದ ಕೆಳಗಿವೆ. ಆಯುಕ್ತಾಲಯದ ಹೊರಗಿನ ಗ್ರಾಮೀಣ ಭಾಗವಾದರೆ ಜಿಲ್ಲಾಧಿಕಾರಿ. ಮನೆ ಎಲ್ಲಿ ಸಿಕ್ಕಿತು ಎಂಬುದರ ಮೇಲೆ ಕಚೇರಿ ಗೊತ್ತಾಗುತ್ತದೆ. ವಿಳಾಸಕ್ಕೆ ನೋಂದಣಿಯಾದ ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಇಲ್ಲಿನ ಬಾಡಿಗೆ ಕರಾರು, ಕೊಡು. ಪುಸ್ತಕದಲ್ಲಿ ಕನ್ನಡದ ಷರಾಗಳಿದ್ದರೆ ನೋಟರಿ ಮಾಡಿಸಿದ ಇಂಗ್ಲಿಷ್ ಅನುವಾದ ಜೊತೆಗಿರಲಿ, ಮೇಜಿನ ಆಚೆ ಕುಳಿತವರಿಗೆ ಅದು ಓದಲು ಬರುವುದಿಲ್ಲ. ಮೊದಲ ಕೆಲವು ತಿಂಗಳು ಪಿಜಿಯಲ್ಲೋ ನಾಲ್ಕು ಜನರ ಫ್ಲಾಟಿನಲ್ಲೋ ಇರುವುದಾದರೆ ಆಯುಧ ತರಲೇಬೇಡ. ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆಯನ್ನು ಗೋಡೆಗೋ ನೆಲಕ್ಕೋ ಬೋಲ್ಟ್ ಮಾಡಲು ಆಗದ ಮನೆ ಇದಕ್ಕೆ ಮನೆಯಲ್ಲ.

ಇನ್ನು ರಿವಾಲ್ವರಿಗೆ ಬರೋಣ. ಚಿತ್ರಗಳಲ್ಲಿ ನೋಡಿ ಆಸೆಪಟ್ಟ ಸ್ಮಿತ್ ಅಂಡ್ ವೆಸನ್, ಕೋಲ್ಟ್‌ಗಳನ್ನು ಮರೆತುಬಿಡು. ಸಾಮಾನ್ಯರಿಗೆ ವಿದೇಶಿ ಆಯುಧದ ಆಮದು ನಿಂತು ದಶಕಗಳೇ ಆಗಿವೆ. ಕೈಯಿಂದ ಕೈಗೆ ತಿರುಗುತ್ತಿರುವ ಹಳೆಯವುಗಳ ಬೆಲೆ ಅವುಗಳ ಅಪರೂಪದ ಬೆಲೆ, ಗುಣದ ಬೆಲೆಯಲ್ಲ. ಮೇಲಾಗಿ ಅವುಗಳಲ್ಲಿ ಬಹಳಷ್ಟು .38 ಬೋರಿನವು (ಬೋರು ಎಂದರೆ ನಳಿಗೆಯ ಒಳ ಅಳತೆ). ಅದೂ .455, 9 ಎಂಎಂ ಕೂಡ ನಿಷೇಧಿತ ಬೋರು, ನಿನ್ನ ಪರವಾನಗಿಗೆ ಒಗ್ಗುವುದಿಲ್ಲ. ನಿನಗೆ ಒಪ್ಪುವುದು .32.

ಹಳೇ ಚಂದವೇ ಬೇಕಿದ್ದರೆ ಕಾನಪುರದ ಸರ್ಕಾರಿ ಆಯುಧ ಕಾರ್ಖಾನೆಯ .32 ಸಾಕು. ವೆಬ್ಲಿ ಮಾದರಿಯದು, ಮಧ್ಯೆ ಮಡಚಿ ತೆರೆಯುವಂಥದ್ದು, 6 ಗುಂಡು, 3 ಇಂಚಿನ ನಳಿಗೆ, ತೂಕ ಸುಮಾರು 700 ಗ್ರಾಂ. ಅದೇ ಮೈಕಟ್ಟನ್ನು ಟೈಟಾನಿಯಂ ಮಿಶ್ರಲೋಹದಲ್ಲಿ ಮಾಡಿದ್ದು 2014ರ ನಿರ್ಭೀಕ್, 500 ಗ್ರಾಂ. ಈ ಗುಂಡಿನ ಒದೆತ ಮೆದು, ಹಾಗಾಗಿ ತೂಕ ಕಡಿಮೆಯಾದರೂ ಕೈಗೆ ತ್ರಾಸವಿಲ್ಲ. ದಿನಾ ಸೊಂಟದಲ್ಲಿ ಇರಬೇಕೆಂದರೆ ಆ 200 ಗ್ರಾಂ ಸಂಜೆ ಹೊತ್ತಿಗೆ ಗೊತ್ತಾಗುತ್ತದೆ. 2023ರಲ್ಲಿ ಬಂದ ಪ್ರಬಲ್‌ನಲ್ಲಿ ಸಿಲಿಂಡರ್, ಅಂದರೆ ಗುಂಡು ತುಂಬುವ ತಿರುಗುವ ಉರುಳೆ, ಪಕ್ಕಕ್ಕೆ ಹೊರಳುತ್ತದೆ, ತೂಕ 675 ಗ್ರಾಂ. ತುಂಬುವುದು ಸುಲಭ, ಚೌಕಟ್ಟು ಒಂದೇ ತುಂಡಾದ್ದರಿಂದ ಸಡಿಲವಾಗುವ ಕೀಲೂ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ ಹೊತ್ತು ತಿರುಗಲು ನಿರ್ಭೀಕ್, ಮನೆಯ ರಕ್ಷಣೆಗೆ ಪ್ರಬಲ್. .22ರ ನಿಡರ್ ಕೇವಲ 250 ಗ್ರಾಂ ನಿಜ, ಆದರೆ ಆತ್ಮರಕ್ಷಣೆಗೆ ಆ ಗುಂಡು ತೀರ ಚಿಕ್ಕದು.

ಅಂಗಡಿಯಲ್ಲಿ, ಮಾಲೀಕರ ಅನುಮತಿ ಕೇಳಿ, ಖಾಲಿ ಇರುವುದನ್ನು ಕಣ್ಣಾರೆ ನೋಡಿಕೊಂಡು, ಟ್ರಿಗರ್ ಪೂರ್ತಿ ಎಳೆದು ನೋಡು. ನಮ್ಮ ಕಾರ್ಖಾನೆಯವು ಬಿಗಿ. ತೋರುಬೆರಳಿನ ತುದಿಯ ದಿಂಬು ಟ್ರಿಗರಿನ ಮೇಲೆ ನೇರ ಕೂರಬೇಕು, ಎಳೆಯುವಾಗ ನಳಿಗೆ ಒಂದು ಕಡೆ ವಾಲಬಾರದು. ವಾಲಿದರೆ ಹಿಡಿ ನಿನ್ನ ಕೈಗೆ ಚಿಕ್ಕದು ಅಥವಾ ದೊಡ್ಡದು. ಇದೊಂದು ಪರೀಕ್ಷೆ ಎಷ್ಟು ಮುಖ್ಯವೆಂದರೆ, ಇದಕ್ಕಾಗಿಯೇ ಬೇರೆಯವರ ಮಾತು ಕೇಳಿ ಕೊಳ್ಳಬೇಡ ಎನ್ನುತ್ತೇನೆ, ನನ್ನ ಮಾತೂ ಸೇರಿ.

ಹಳೆಯದನ್ನೇ ಕೊಳ್ಳುವೆಯಾದರೆ ಹೀಗೆ ನೋಡು. ಹ್ಯಾಮರನ್ನು, ಅಂದರೆ ಗುಂಡಿನ ಬುಡಕ್ಕೆ ಬಡಿಯುವ ಹಿಂದಿನ ಸುತ್ತಿಗೆಯನ್ನು, ನಿಧಾನ ಎಳೆದಾಗ, ಅದು ನಿಲ್ಲುವ ಹೊತ್ತಿಗೆ ಸಿಲಿಂಡರ್ ಖಟ್ಟನೆ ಸರಿಯಾದ ಜಾಗಕ್ಕೆ ಬಂದು ಕೂತಿರಬೇಕು, ಆರೂ ಕೋಣೆಗೂ. ಹಿಂದೆ ಬಿದ್ದರೆ ಗುಂಡು ನಳಿಗೆಯ ಅಂಚಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಚಿಮ್ಮುತ್ತದೆ. ಎಳೆದು ನಿಲ್ಲಿಸಿದ ಹ್ಯಾಮರನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತು, ಬಿದ್ದರೆ ಒಳಗಿನ ಹಲ್ಲು ಸವೆದಿದೆ, ಅಲ್ಲೇ ಬಿಟ್ಟು ಬಾ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) 0.1ರಿಂದ 0.2 ಮಿಲಿಮೀಟರ್ ಇರಬೇಕು. ಮಡಚುವ ರಿವಾಲ್ವರುಗಳಲ್ಲಿ ಮೊದಲು ಸಾಯುವುದು ಕೀಲು ಮತ್ತು ಮೇಲಿನ ಚಿಲಕ. ಹಿಡಿಯನ್ನೂ ನಳಿಗೆಯನ್ನೂ ಹಿಡಿದು ಅಲುಗಿಸಿದಾಗ ಅಲ್ಲಾಡಿದರೆ ರಿಪೇರಿ ಮಾಡಿಸುತ್ತೇನೆಂದು ಕೊಳ್ಳಬೇಡ. ಖಾಸಗಿ ವ್ಯಕ್ತಿಯಿಂದ ಕೊಂಡರೆ, ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಇಲ್ಲವೇ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆಯಬೇಕು. ಅದಕ್ಕೂ ಮುಂಚೆ ಕೈ ಬದಲಾಗಬಾರದು. ಸಂಗ್ರಹಕ್ಕೆ ಮಾತ್ರ ಎಂದಾದರೆ, ರಿಪೇರಿ ಮಾಡಿದರೂ ಹಾರದಂಥ ಪುರಾತನ ಆಯುಧಕ್ಕೆ ಆಯುಧ ಕಾಯ್ದೆಯ 45ನೇ ಕಲಮಿನ ವಿನಾಯಿತಿ ಇದೆ. ಸುಮ್ಮನೆ ಕೆಟ್ಟು ನಿಂತಿರುವುದಕ್ಕೆ ಇಲ್ಲ.

ಗುಂಡು ಕೊಳ್ಳುವಾಗ .32 ಎಂದಷ್ಟೇ ಕೇಳಬೇಡ. ಪರವಾನಗಿಯಲ್ಲಿ ಪಿಸ್ತೂಲಿಗೂ ರಿವಾಲ್ವರಿಗೂ 32 ಬೋರ್ ಎಂದೇ ಇರುತ್ತದೆ, ಆದರೆ ಕಾಡತೂಸು ಬೇರೆ ಬೇರೆ. ರಿವಾಲ್ವರಿನದು .32 ಸ್ಮಿತ್ ಅಂಡ್ ವೆಸನ್ ಲಾಂಗ್, ಬುಡಕ್ಕೆ ಅಗಲ ಅಂಚು ಇರುವುದು. ಪಿಸ್ತೂಲಿನ .32 ಆಟೋ ಗುಂಡು ಕೆಲವು ರಿವಾಲ್ವರಿನ ಕೋಣೆಯೊಳಗೆ ಇಳಿದೂ ಬಿಡುತ್ತದೆ. ಅದರ ಒತ್ತಡ ಹೆಚ್ಚು, ಹಳೆಯ ಸಿಲಿಂಡರ್ ಬಿರಿಯಬಹುದು. ಕೆಎಫ್ ಎಂಬ ಗುರುತಿನ ಕಾಡತೂಸಿನ ಹೆಸರು ಇಲ್ಲಿನ ಖಡಕಿ ಕಾರ್ಖಾನೆಯದು, ಹಾಗಂತ ಕಾರ್ಖಾನೆ ಬಾಗಿಲಲ್ಲಿ ಸಿಗುವುದಿಲ್ಲ. ಅಂಗಡಿಯಲ್ಲೇ, ಪುಸ್ತಕದಲ್ಲಿ ಬರೆದಷ್ಟೇ.

ಹೊತ್ತು ತಿರುಗುವಾಗ 2016ರ ಆಯುಧ ನಿಯಮ ಸ್ಪಷ್ಟ. ಹೋಲ್‌ಸ್ಟರಿನಲ್ಲಿ ಮೈಗೆ ಅಂಟಿಕೊಂಡಿರಬೇಕು ಅಥವಾ ಬೆನ್ನುಚೀಲದಂಥದ್ದರಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ನಿನ್ನ ಹಿಡಿತದಲ್ಲಿರಬೇಕು. ತೋರಿಸಿದರೆ ಪರವಾನಗಿ ಹೋಗುತ್ತದೆ. ಬೈಕಿನ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗುವುದು ಹಿಡಿತವಲ್ಲ. ಹಳೆಯ ರಿವಾಲ್ವರಾದರೆ ಐದೇ ತುಂಬಿ, ಹ್ಯಾಮರಿನ ಕೆಳಗಿನ ಕೋಣೆ ಖಾಲಿ ಬಿಡು. ಹ್ಯಾಮರ್ ತಡೆ ಇಲ್ಲದ್ದು ನೆಲಕ್ಕೆ ಬಿದ್ದರೂ ಹಾರಬಹುದು. ಐಟಿ ಪಾರ್ಕಿನ ಗೇಟಿನೊಳಗೆ ಬಿಡುವುದಿಲ್ಲ, ಆದ್ದರಿಂದ ಆಫೀಸಿನ ದಿನ ಅದು ಮನೆಯಲ್ಲೇ. ಗಣೇಶೋತ್ಸವ, ಪಂಢರಪುರಕ್ಕೆ ಹೋಗುವ ಪಾಲಖಿ ಮೆರವಣಿಗೆಯ ಹೊತ್ತಿಗೆ ಪೊಲೀಸ್ ಆಯುಕ್ತರು ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಆದೇಶ ಹೊರಡಿಸುತ್ತಾರೆ. ಆ ಅವಧಿಯಲ್ಲಿ ಹೊರಗೆ ಒಯ್ಯಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಜಯಪುರದ ಒಣ ಹವೆ ಇಲ್ಲಿಲ್ಲ. ಚರ್ಮದ ಹೋಲ್‌ಸ್ಟರ್ ತೇವ ಹೀರಿ ಕಬ್ಬಿಣಕ್ಕೆ ಕೊಡುತ್ತದೆ, ಒಳಗಿಟ್ಟೇ ಬಿಟ್ಟರೆ ಸಿಲಿಂಡರಿನ ಮೇಲೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಏಳುತ್ತದೆ. ಮನೆಗೆ ಬಂದು ಖಾಲಿ ಮಾಡಿ, ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ ಹೊರಗಿಡು. ಗುಂಡಿಗೆ ಎಣ್ಣೆ ತಾಗಬಾರದು, ಬುಡದ ಕ್ಯಾಪಿಗೆ ಇಳಿದರೆ ಹಾರದೇ ಹೋಗಬಹುದು. ಚುನಾವಣೆ ಬಂದಾಗ ಪರಿಶೀಲನಾ ಸಮಿತಿ ಸೂಚಿಸಿದವರು ಆಯುಧ ಠಾಣೆಗೆ ಒಪ್ಪಿಸಬೇಕಾಗುತ್ತದೆ, ತಿಂಗಳುಗಟ್ಟಲೆ ಅದು ಕೋಣೆಯೊಂದರಲ್ಲಿ ಬಿದ್ದಿರುತ್ತದೆ. ಕೊಡುವ ಮುಂಚೆ ನಳಿಗೆಯೊಳಗೆ ದಪ್ಪಗೆ ಎಣ್ಣೆ ಹಚ್ಚು, ಆಯುಧದ ನಂಬರ್ ಬರೆದ ರಸೀದಿ ಪಡೆ, ವಾಪಸು ತರುವಾಗ ಅಲ್ಲೇ ನಳಿಗೆಯೊಳಗೆ ಇಣುಕಿ ನೋಡಿ ಸಹಿ ಹಾಕು.